ಡಿಕ್ಕಿಯಲ್ಲಿದ್ದ ಡಬ್ಬ

ಇವತ್ತು ಬೆಳಿಗ್ಗೆ ಮಗಳ ಮನೆಗೆ ಒಯ್ಯುವ ಹುಣಸೆಹಣ್ಣಿನ ಚೀಲ ಇಡೋಣವೆಂದು ಕಾರಿನ ಡಿಕ್ಕಿ ತೆಗೆದರೆ ಹಳೇ ಅಂಟಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನೀವೂ ಬಗ್ಗಿ ನೋಡಿ, ಹಾಸಿನ ಮೇಲೆ ಚೌಕದ ಗುರುತೊಂದು ಕಾಣುತ್ತದೆ. ಅಲ್ಲೊಂದು ಡಬ್ಬ ಇತ್ತು. ಅದರ ಕಥೆ ಹೇಳಿದರೆ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ಹೋಗಲಿ, ಈ ವಯಸ್ಸಿನಲ್ಲಿ ಅದನ್ನು ಇಟ್ಟುಕೊಂಡು ಯಾವ ಸೀರೆ ನೇಯಬೇಕು?

ನಾವು ಹಿಂದೂಪುರದ ನೇಕಾರರು. ಹತ್ತನೇ ತರಗತಿ ಮುಗಿಸಿ ಕರೆಂಟು ಮಗ್ಗದ ಮುಂದೆ ನಿಂತವನು, ಮಂಡಿ ಕೈಕೊಟ್ಟ ಮೇಲೆಯೇ ಪಕ್ಕಕ್ಕೆ ಸರಿದದ್ದು. ಆಮೇಲೆ, ಕಲ್ಯಾಣದುರ್ಗಕ್ಕೆ ಕೊಟ್ಟ ಮಗಳ ಮನೆಗೆ ಹೋಗಿಬರಲು ಸಣ್ಣ ಕಾರೊಂದನ್ನು ತೆಗೆದುಕೊಂಡೆವು. ಇಳಿವಯಸ್ಸಿನಲ್ಲಿ ಸ್ಟೀರಿಂಗ್ ಹಿಡಿದ ನನ್ನ ಪಕ್ಕ ಕೂರುವ ಧೈರ್ಯ ಇದ್ದದ್ದು ನನ್ನ ಹೆಂಡತಿಗೆ ಮಾತ್ರ.

ಕಾರಿನಲ್ಲಿ ಕಂಪನಿಯವರೇ ಕೂರಿಸಿದ ಹಾಡಿನ ಸೆಟ್ ಇತ್ತು. ನನಗೆ ಅದು ಪಿಸುಗುಟ್ಟಿದ ಹಾಗೆ ಕೇಳಿಸಿತು. ಶೋರೂಮಿನ ಹುಡುಗ, "ಬೇಕಾದ್ರೆ ನಮ್ದೇ ದೊಡ್ಡ ಸೆಟ್ ಹಾಕಿಸ್ಕಳಿ ಸಾರ್. ಹೊರಗಡೆಯೋರು ವೈರು ಕತ್ತರಿಸ್ತಾರೆ, ವಾರಂಟಿ ಹೋಯ್ತದೆ" ಎಂದ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯವನು ನಕ್ಕು, "ಕಂಪನಿದಾ? ಪೆಳ್ಳಿಕೂತುರು ಲಾಗ ನೋರೇ ತೆರವದು ತಾತಾ" ಎಂದ. ಹೊಸ ಮದುವಣಗಿತ್ತಿಯ ಹಾಗೆ ಬಾಯೇ ಬಿಡುವುದಿಲ್ಲವಂತೆ! ಸೀರೆಯ ಅಂಚಿಗೆ ಬಣ್ಣ ಆರಿಸುವವನ ಹಾಗೆ ನಾನು ಅಲ್ಲಿಗೂ ಇಲ್ಲಿಗೂ ಓಡಾಡಿದೆ.

ಕೊನೆಗೆ ಹೇಗೆ ತೀರ್ಮಾನಿಸಿದೆ ಗೊತ್ತೇ? ಅಂಗೈಯಿಂದ. ಮಗ್ಗ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂದು ನಾವು ಅದರ ಚೌಕಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತೇವೆ. ಕಂಪನಿಯ ಸ್ಪೀಕರ್ ಮೇಲೆ ಅಂಗೈ ಇಟ್ಟರೆ ಕಾರಿನ ಬಾಗಿಲು ನಿದ್ದೆ ಮಾಡುತ್ತಿತ್ತು. ಅಂಗಡಿಯವನ ದೊಡ್ಡ ಸ್ಪೀಕರ್ ಡಬ್ಬದ ಮೇಲೆ ಇಟ್ಟೆ, ಮೊಣಕೈವರೆಗೆ ಜುಮ್ಮೆಂದಿತು. "ಇದು ಕಣಪ್ಪಾ ಸೌಂಡು!" ಎಂದೆ.

"ಕಿವೀಲಿ ಕೇಳು ತಾತಾ, ಕೈಯಲ್ಲಲ್ಲ" ಎಂದ ಅಂಗಡಿಯವನು.

ಅಷ್ಟರಲ್ಲಿ ಬೆನ್ನ ಹಿಂದೆ ನಿಂತಿದ್ದ ಹೆಂಡತಿ ಏನೋ ಹೇಳಿದಳು. ನಾನು ತಲೆಯಾಡಿಸಿದೆ. ಮಗ್ಗದ ಮನೆಯ ಅಭ್ಯಾಸ ಅದು. ಆ ಗದ್ದಲದಲ್ಲಿ ಯಾರು ಏನಂದರೂ ಮೊದಲು ತಲೆಯಾಡಿಸುವುದು, ಮಗ್ಗ ನಿಂತ ಮೇಲೆ ಏನೆಂದು ಕೇಳುವುದು. ಅವತ್ತು ಕೇಳುವುದನ್ನು ಮರೆತೆ. ಡಬ್ಬ ಡಿಕ್ಕಿಯಲ್ಲಿ ಕೂತಿತು, ಕಂಪನಿಯ ಸ್ಪೀಕರುಗಳು ಮನೆಯ ಮಂಚದ ಕೆಳಗೆ ಸೇರಿದವು.

ಮುಂದಿನ ವಾರ ಕಲ್ಯಾಣದುರ್ಗಕ್ಕೆ ಹೊರಟಾಗ ಅವಳು ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

"ಎಲ್ಲಿಗೇ? ಕಾರು ಇಲ್ಲೈತಲ್ಲ!"

"ನಾ ಬಸ್ಸಲ್ಲೇ ಬತ್ತೀನಿ. ಈ ಡಬ್ಬ ಹಾಕ್ಸಿದ್ರೆ ಇನ್ಮೇಲೆ ಕಾರು ಹತ್ತಾಕಿಲ್ಲ ಅಂದೆ. ಆಗ್ಲಿ ಅಂತ ನೀವೇ ತಲೆ ಆಡ್ಸಿದ್ರಿ. ಅಂಗಡಿಯೋನೂ ನೋಡವ್ನೆ."

ಪಾವಗಡದವರೆಗೂ ಆ ಬಸ್ಸಿನ ಹಿಂದೆಯೇ ಹೋದೆ. ಕೊನೆಯ ಸೀಟಿನ ಗಾಜಿನಲ್ಲಿ ಅವಳ ತುರುಬು ಕಾಣುತ್ತಿತ್ತು. ಡಬ್ಬ ಬೆನ್ನಿಗೆ ಗುದ್ದುತ್ತಿತ್ತು. ತುರುಬು ಒಮ್ಮೆಯೂ ತಿರುಗಲಿಲ್ಲ. ಆಮೇಲೆ ಬಸ್ಸನ್ನು ಹಿಂದೆ ಹಾಕಿ, ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಬಾಗಿಲು ತೆಗೆದು ಕಾದೆ. ನನ್ನ ಮುಂದೆಯೇ ಆಟೋ ಹತ್ತಿ ಹೋದಳು.

ಊಟಕ್ಕೆ ಕೂತಾಗ ಮಗಳು ನನ್ನ ಎದುರಿಗೇ ಬಂದು, "ಅಪ್ಪಯ್ಯ, ಅಮ್ಮ ಕೂಗಿದ್ದು ಅಂಗಡಿಯೋನಿಗೆ ಕೇಳ್ತು, ನಿಂಗ್ಯಾಕೆ ಕೇಳ್ಲಿಲ್ಲ?" ಎಂದಳು.

ಕಿವಿ ಹೋಗಿತ್ತು, ಅದು ನನಗೆ ಗೊತ್ತೂ ಇತ್ತು. ಟಿ.ವಿ. ಕೆಟ್ಟಿದೆ, ಫೋನು ಸರಿಯಿಲ್ಲ, ಕಂಪನಿಯ ಸೆಟ್ ದಂಡ ಎಂದು ಊರಿನ ಸಾಮಾನನ್ನೆಲ್ಲ ಬೈದೆನೇ ಹೊರತು, ಕಿವಿಯ ಮಾತು ಎತ್ತಲಿಲ್ಲ. ಆ ಡಬ್ಬದ ಜೊತೆ ಪೈಪೋಟಿ ಮಾಡಿ ನನಗೆ ಒಂದು ಮಾತು ಮುಟ್ಟಿಸಲು ಹೆಂಡತಿಗೆ ಯಾವ ಗಂಟಲಿದೆ? ಅದಕ್ಕೇ ಬಸ್ಸು.

ಊರಿಗೆ ಬಂದು ಡಬ್ಬ ಕೀಳಿಸಿದೆ. ಮಂಚದ ಕೆಳಗಿದ್ದ ಕಂಪನಿಯ ಸ್ಪೀಕರುಗಳು ಬಾಗಿಲಿಗೆ ಮರಳಿದವು. ಅಂಗಡಿಯವನು ಮೀಸೆಯಲ್ಲಿ ನಕ್ಕ.

ಈಗ ನಮ್ಮ ಪ್ರಯಾಣ ನೋಡಬೇಕು ನೀವು. ಮಗ್ಗದ ಮನೆಯಲ್ಲಿ ತುಟಿ ನೋಡಿಯೇ ಮಾತು ತಿಳಿದುಕೊಂಡವರು ನಾವು. ಅವಳ ತುಟಿ ನನಗೆ ಪಾಠವಾಗಿದೆ. ಆದರೆ ತುಟಿ ನೋಡಿದರೆ ರಸ್ತೆ ನೋಡಲಾಗದು. ಆದ್ದರಿಂದ ಅವಳು ನನ್ನ ತೋಳು ತಟ್ಟಿದರೆ ಮುಂದಿನ ಹುಣಸೆಮರದ ಕೆಳಗೆ ಕಾರು ನಿಲ್ಲಬೇಕು. ಅವಳು ಹೇಳುತ್ತಾಳೆ, ನಾನು ಉತ್ತರ ಕೊಡುತ್ತೇನೆ, ಮತ್ತೆ ಹೊರಡುತ್ತೇವೆ. ಒಮ್ಮೆ ಅಷ್ಟು ಅವಸರವಾಗಿ ತಟ್ಟಿ ನಿಲ್ಲಿಸಿ ಅವಳು ಹೇಳಿದ್ದು, "ಆ ಮೇಕೆ ನಮ್ಮ ಬೀಗರ ಥರಾನೇ ಐತೆ ಅಲ್ವ್ರಾ?" ಹಾಡಿನ ಸೆಟ್ ಹಾಕುವುದೇ ಇಲ್ಲ. ಅಷ್ಟು ಹೊತ್ತು ತಲೆ ಕೆಡಿಸಿಕೊಂಡದ್ದಕ್ಕೆ!

ಇವತ್ತೂ ಹಾಗೇ ಆಯಿತು ನೋಡಿ. ನಾನು ಈ ಗುರುತು ನೋಡುತ್ತ ನಿಂತಿದ್ದೆ, ಬೆನ್ನ ಹಿಂದೆ ಅವಳು ಏನೋ ಅಂದಂತಾಯಿತು. ತಲೆ ತಾನಾಗಿಯೇ ಆಡಲು ಹೊರಟಿತು. ಹಿಡಿದು ನಿಲ್ಲಿಸಿದೆ. ತಿರುಗಿ, ಅವಳ ಮುಖದ ಎದುರಿಗೆ ನಿಂತು ಕೇಳಿದೆ: "ಏನಂದೆ? ಇನ್ನೊಂದ್ಸಲ ಹೇಳು."

"ಬಸ್ಸಲ್ಲಿ ಹೋಗಿದ್ರೆ ಇಷ್ಟೊತ್ಗೆ ಪಾವಗಡ ದಾಟ್ಬುಡ್ತಿದ್ದೆ ಅಂದೆ."

ಡಿಕ್ಕಿ ಮುಚ್ಚಿ, ಓಡಿಹೋಗಿ ಮುಂದಿನ ಬಾಗಿಲು ತೆಗೆದೆ. ಹತ್ತಿ ಕೂತಳು.