ಹಕ್ಕಳೆ ಕೀಳುವ ಕೈಗಳ ನಡುವೆ ಸಿದ್ದಕ್ಕ

ಕಂದಿಕೆರೆಯ ಡಾಕ್ಟರ ಶಾಪಿನ ಹಿತ್ತಿಲಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿದ್ದಕ್ಕ ತೆಂಗಿನ ಮಟ್ಟೆ ಉರಿಹಾಕಿ ಬ್ಯಾಂಡೇಜು ಬಟ್ಟೆ ಕುದಿಸುತ್ತಿದ್ದಾರೆ. ಜಗಲಿಯ ಮೇಲೆ ತೆಂಗಿನಕಾಯಿ ಸುಲಿಯುವವರು ಆಗಲೇ ಗಾಯದ ಕೈ ಎತ್ತಿಕೊಂಡು ಕೂತಿದ್ದಾರೆ. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿ ಚುಚ್ಚಿ ತಿರುವುವಾಗ ಜಾರಿದರೆ ಅಂಗೈಗೇ ಏಟು. ಕಸುಬೆಂದ ಮೇಲೆ ಅದು ಇದ್ದದ್ದೇ. ಸಿದ್ದಕ್ಕ ಬೈಯುವುದು ಆಮೇಲಿನ ಘನಕಾರ್ಯಕ್ಕೆ.

"ಸಿಪ್ಪೆ ಅಂತ ಕಂಡ್ರೆ ಇವ್ರ ಬೆರಳು ಸುಮ್ನಿರಲ್ಲ ಕಣ್ರೀ. ಹಕ್ಕಳೆ ಕಟ್ಟಂಗಿಲ್ಲ, ಕಿತ್ತು ಒಳಗೆ ಮಾಯ್ತಾ ಐತಾ ಅಂತ ನೋಡ್ತಾರೆ. ಅಟ್ಟದ ಮ್ಯಾಲಿನ ಕಾಯಿ ಕೊಬ್ರಿ ಆಗೋಗಂಟ ವರ್ಷ ಕಾಯ್ತಾರೆ, ಅಲ್ಲಾಡಿಸಿ ಸದ್ದು ಕೇಳಿ ಸುಮ್ನಾಯ್ತಾರೆ. ಗಾಯಕ್ಕೆ ಆ ಯೋಗ್ತೆ ಇಲ್ವಾ?"

ಕಸ ಗುಡಿಸಲು ಸೇರಿದವರು ಸಿದ್ದಕ್ಕ. ಕಟ್ಟು ಕಟ್ಟುವುದನ್ನು ಡಾಕ್ಟರೇ ಕಲಿಸಿದರು. ದಿನಕ್ಕೆ ಮೂವತ್ತು ಕೈಯಾದರೂ ಬರುತ್ತವೆ. ಅದರಲ್ಲಿ ಅರ್ಧ, ನಿನ್ನೆ ಕಟ್ಟಿಸಿಕೊಂಡು ಹೋಗಿ ರಾತ್ರಿಯೇ ಬಿಚ್ಚಿದವು. ಒಬ್ಬರು ಸುಣ್ಣ ಮೆತ್ತಿರುತ್ತಾರೆ, ಇನ್ನೊಬ್ಬರು ಕಾಫಿಪುಡಿ. ಇದನ್ನು ಬರೆಯಲೆಂದು ಬಂದು ಕೇಳುತ್ತ ಕೂತ ನನಗೇ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಗಾಯ ಮಾಯಿಸುವುದು ಔಷಧಿಯಲ್ಲ, ರಕ್ತ ಎನ್ನುತ್ತಾರೆ ಡಾಕ್ಟರು. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಬರಿಗಣ್ಣಿಗೆ ಕಾಣದ ಕಣಗಳಿವೆ. ಕೊಯ್ದ ಕಡೆಗೆ ಅವು ಓಡಿ ಬಂದು, ಒಂದಕ್ಕೊಂದು ಅಂಟಿ, ಹರಿಯುವ ರಕ್ತಕ್ಕೆ ಬೆಣೆ ಹೊಡೆಯುತ್ತವೆ. ಅಲ್ಲಿಗೆ ಅವುಗಳ ಕೆಲಸ ಮುಗಿಯಿತೆಂದೇ ವೈದ್ಯರು ನಂಬಿದ್ದರಂತೆ. ಹೊಸ ಮಾಂಸ ಕಟ್ಟುವ ಜೀವಕೋಶಗಳಿಗೆ ಕರೆ ಕಳಿಸುವುದೂ ಅವೇ ಎಂದು ಈಚೆಗೆ ಗೊತ್ತಾಗುತ್ತಿದೆ. ಹಕ್ಕಳೆ ಕಿತ್ತರೆ ಪಾಪ, ಎಲ್ಲವೂ ಮೊದಲಿಂದ.

"ಅದ್ರ ಹೆಸರು ನನ್ ಬಾಯಿಗೆ ಬರಲ್ಲ ಬುಡಿ. ಗಾರೆಯವ್ರು ಗೋಡೆ ಕಟ್ತಾವ್ರೆ, ಒದೀಬ್ಯಾಡ್ರಪ್ಪ ಅಂತೀನಿ. ಯಾರ್ ಕೇಳ್ತಾರೆ?"

ಸರದಿಯಲ್ಲಿ ಮೊದಲು ಬರುವವರು ಕೆಂಪಯ್ಯ. ಎಡ ಅಂಗೈಯಲ್ಲಿ, ತೋರುಬೆರಳಿನ ಬುಡಕ್ಕೆ ಆದ ಗಾಯವನ್ನು ಎರಡು ಸಲ ಕಿತ್ತು ಕೀವು ಮಾಡಿಕೊಂಡ ಮಹಾನುಭಾವರು. ಇನ್ನೊಮ್ಮೆ ಕೆಟ್ಟರೆ ತೋರುಬೆರಳನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದಾರೆ. ಬೆರಳು ಹೋದರೆ ಕಾಯಿ ಹಿಡಿಯುವಂತಿಲ್ಲ, ಕೂಲಿಯೂ ಇಲ್ಲ. ಅವರ ಹೆಂಡತಿ ಅಂಕಮ್ಮ ಅತ್ತಿದ್ದೂ ಆಯಿತು. ಕೀವು ತೆಗೆದಂದಿನಿಂದ ಸಿದ್ದಕ್ಕ ದಿನ ಬಿಟ್ಟು ದಿನ ತಾವೇ ಬಟ್ಟೆ ಬದಲಿಸಿ, ಕಟ್ಟಿನ ತುದಿಯನ್ನು ಸೂಜಿ ದಾರದಲ್ಲಿ ಹೊಲಿದು ಕಳಿಸುತ್ತಿದ್ದಾರೆ.

"ಬಿಚ್ಚಿದ್ಯೇನ್ಲಾ?"

"ಇಲ್ಲ ಕಣಕ್ಕ. ಕೈ ತುರೀತು, ಆದ್ರೂ ಬಿಚ್ಲಿಲ್ಲ."

ಸಿದ್ದಕ್ಕ ನಂಬುವುದಿಲ್ಲ. ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಆಮೇಲೆ ದಾರ ಕತ್ತರಿಸುತ್ತಾರೆ. ಒಳಗೆ ಎಳೆಯ ಕೆಂಪು ಮಾಂಸ ತುಂಬಿ ಗಾಯದ ಬಾಯಿ ಮುಚ್ಚಿದೆ. ಕೆಂಪಯ್ಯ ಬೆರಳು ಮಡಚುತ್ತಾರೆ; ಮಡಚುತ್ತದೆ. ಅವರ ಕಣ್ಣಲ್ಲಿ ನೀರು ಬರುತ್ತದೆ.

"ನನ್ ಬೆರಳು ಉಳಿಸ್ಬುಟ್ಟೆ ಕಣಕ್ಕ" ಎಂದು ಕೈ ಮುಗಿಯುತ್ತಾರೆ.

"ನಂಗ್ಯಾಕ್ಲಾ ಮುಗೀತೀಯಾ? ಮಾಯ್ಸಿದ್ದು ನಿನ್ ರಕ್ತ" ಎಂದು ಸಿದ್ದಕ್ಕ ಗದರುತ್ತಾರೆ. "ನಿನ್ ಎಡಗೈನ ನಿನ್ ಬಲಗೈಯಿಂದ ಕಾಪಾಡ್ದೆ. ನಾನ್ ಮಾಡಿದ್ದು ಅಷ್ಟೇಯ."