ಒಣಗಿದ ಕಡೆಗೊಂದು ಬಾಗಿನ

ರುಕ್ಮಿಣಿ ಮೇಡಂ ಸಿಟ್ಟು ಬಂದಾಗ ಮೊದಲು ಚಪ್ಪಲಿ ಕಳಚುತ್ತಿದ್ದರು. ಹೊಡೆಯಲಿಕ್ಕಲ್ಲ, ಕೆಸರಿಗೆ ಇಳಿಯಲಿಕ್ಕೆ.

ಜಯನಗರದ ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸಿದವರು. ನಮ್ಮ ವಂಶದಲ್ಲೇ ಮೊದಲು ಡಿಗ್ರಿ ಮುಗಿಸಿದವಳು ನಾನು. ಓದು ಬಿಡಿಸಲು ಹೊರಟಿದ್ದ ಅಪ್ಪನನ್ನು ಮೇಡಂ ಮನೆಗೇ ಬಂದು ಬೈದಿದ್ದರು. ಅಂಜನಾಪುರದ ನಮ್ಮ ಮನೆಯ ಹಿಂದಿನ ಕೆರೆಯನ್ನು ಅವರು ನೋಡಿದ್ದು ಆವತ್ತೇ. ಆಮೇಲೆ ಪ್ರತಿವರ್ಷ ವಿದ್ಯಾರ್ಥಿಗಳಿಗೆ ಜೊಂಡು ತೋರಿಸಲು ಅಲ್ಲಿಗೇ ಕರೆತರುತ್ತಿದ್ದರು. ನಿವೃತ್ತರಾದ ಮೇಲೂ ಬರುವುದು ಬಿಡಲಿಲ್ಲ.

ಆ ಕೆರೆಯ ನಡುವೆಯೇ ರಸ್ತೆ ಹಾಕಿದರು. ನೀರು ದಾಟಲೆಂದು ಎರಡು ಪೈಪು ಇಟ್ಟರು, ಅದೂ ಎದೆಯೆತ್ತರದಲ್ಲಿ.

"ನೀರಿಗೆ ಏಣಿನೂ ನೀವೇ ಕೊಡಿಸ್ತೀರಾ ಸಾರ್?" ಎಂದು ಮೇಡಂ ಎಂಜಿನಿಯರನ್ನು ಕೇಳಿದರು.

"ಮಳೆ ಬಂದ್ರೆ ಎಲ್ಲಾ ಸರಿಹೋಗುತ್ತೆ ಮೇಡಂ."

ಮಳೆ ಬಂತು. ರಸ್ತೆಯ ಮೇಲ್ಭಾಗದ ನೀರು ನಮ್ಮ ಬೀದಿಗೆ ನುಗ್ಗಿ ಅಡುಗೆಮನೆ ಸೇರಿತು. ಕೆಳಭಾಗದಲ್ಲಿ ಜೊಂಡು ಒಣಗಿ, ಕಟ್ಟಡದ ಕಸ ಸುರಿಯುವ ಲಾರಿಗಳು ಬರತೊಡಗಿದವು.

ಇಷ್ಟಾದರೂ ಊರಿನ ದೊಡ್ಡವರು ಕೆರೆ ತುಂಬಿತೆಂದು ಬಾಗಿನ ಅರ್ಪಿಸಲು ಬಂದರು! ಶಾಮಿಯಾನ, ಮೈಕು, ಹಾರ. ಮೇಡಂ ತಾವೂ ಒಂದು ಬಾಗಿನದ ಮೊರ ತಂದಿದ್ದರು. ಎಲ್ಲರೂ ನೋಡುತ್ತಿದ್ದಂತೆ ರಸ್ತೆ ದಾಟಿ, ಒಣಗಿದ ಕಡೆಗಿಳಿದು, ಬಿರುಕುಬಿಟ್ಟ ಮಣ್ಣಿನ ಮೇಲೆ ಅದನ್ನಿಟ್ಟರು.

"ಏನ್ ಮೇಡಂ, ಖಾಲಿ ಕೆರೆಗೆ ಬಾಗಿನಾನಾ?" ಎಂದು ಹಾರದ ಮಂದಿಯಲ್ಲೊಬ್ಬರು ನಕ್ಕರು.

"ನಿಮ್ಮ ಕಡೆ ಇರೋದು ತುಂಬಿದ ಕೆರೆ ಅಲ್ಲ ಸ್ವಾಮಿ, ಕಟ್ಟಿಹಾಕಿರೋದು. ಹೊಟ್ಟೆಯುಬ್ಬರ ನೋಡಿ ಬಸುರಿ ಅಂತ ಸೀಮಂತ ಮಾಡ್ತಿದ್ದೀರಲ್ಲ!"

ನಮ್ಮ ಬೀದಿಯ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಮಾರನೆಯ ದಿನ ಅವರೇ ರಸ್ತೆಗೆ ಅಡ್ಡ ಕೂತರು.

ಕೊನೆಗೆ ರಸ್ತೆ ಅಗೆದು, ಕೆರೆಯ ತಳಮಟ್ಟಕ್ಕೇ ದೊಡ್ಡ ಮೋರಿ ಕಟ್ಟಿದರು. ಕೆಲಸ ಮುಗಿಯಿತೆಂದು ಹೊರಟೂ ಹೋದರು. ಕಟ್ಟುವಾಗ ನೀರು ತಡೆಯಲು ಮೋರಿಯ ಬಾಯಿಗೆ ಹಾಕಿದ್ದ ಮಣ್ಣಿನ ಒಡ್ಡು ಮಾತ್ರ ಹಾಗೇ ಉಳಿಯಿತು. ಇಂಥವರಿಗೆ ಯಾವ ಬೈಗುಳ ಸಾಕು?

ಮೇಡಂ ಆಗ ಆಸ್ಪತ್ರೆಯಲ್ಲಿದ್ದರು. ನೋಡಲು ಹೋದೆ. ಧ್ವನಿ ಇಳಿದಿತ್ತು.

"ನೀರು ಹರೀತೇನೇ?"

ಅವರ ಮುಂದೆ ಸುಳ್ಳು ಹೇಳಲು ನನಗೆ ಯಾವತ್ತೂ ಬಂದಿಲ್ಲ. "ಇಲ್ಲ ಮೇಡಂ. ಒಡ್ಡು ತೆಗೆದಿಲ್ಲ."

"ಮತ್ತೆ ಇಲ್ಲೇನು ಸೇಬು ಹೆಚ್ತಾ ಕೂತಿದ್ದೀಯ? ಎದ್ದು ಹೋಗು!"

ಹೋದೆ. ಜೆಸಿಬಿ ಬರುವವರೆಗೂ ಬೀದಿಯವರೆಲ್ಲ ಗಂಟಲು ಹರಿದುಕೊಂಡೆವು. ಒಡ್ಡು ಕುಸಿಯಿತು, ಕಂದು ನೀರು ಮೋರಿಯೊಳಗೆ ನುಗ್ಗಿ ಆಚೆ ಕಡೆ ಹರಡಿತು. ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದೆ. ಎತ್ತಿದ್ದು ಅವರ ತಂಗಿ.

"ನೀರು ಹರೀತು ಅಂತ ಮೇಡಂಗೆ ಹೇಳಿ" ಅಂದೆ.

ಆಕೆ ಅಳತೊಡಗಿದರು.