ಮರಿಯ ಕೊರಳಲ್ಲಿ ಆಟೋಮ್ಯಾಟಿಕ್ ವಾಚು

ಬಿಜ್ಜರಗಿಯ ಅಮೋಘಿಗೆ ಈಗ ಅರವತ್ತೊಂದು. ಅದರಲ್ಲಿ ಐವತ್ತು ವರ್ಷ ಅವನು ಆಡುಗಳ ಹಿಂದೆಯೇ ಕಳೆದವನು. ಅವನ ನಡಿಗೆಯ ಬಿರುಸು ಊರಿಗೆಲ್ಲ ಗೊತ್ತು. ಹೊನವಾಡದ ಬಸ್ಸು ತಪ್ಪಿದರೆ ಉಳಿದವರು ಕಟ್ಟೆಯ ಮೇಲೆ ಕೂತು ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಅಮೋಘಿ ಪಂಚೆ ಎತ್ತಿ ಕಟ್ಟಿ ನಡೆದೇಬಿಡುತ್ತಿದ್ದ. ಅಂಥವನ ಕೈಗೆ ಬಂದು ಸೇರಿದ್ದೂ ನಡೆದರೆ ಮಾತ್ರ ನಡೆಯುವ ವಾಚು!

ಅದನ್ನು ಕೊಟ್ಟವನು ಹೊನವಾಡದ ಸಂಗನಬಸವ, ಮಿಲಿಟರಿಯಿಂದ ನಿವೃತ್ತನಾಗಿ ಬಂದವನು. ಅವನ ಹೊಲದಲ್ಲಿ ಅಮೋಘಿ ಹನ್ನೆರಡು ವರ್ಷ ಆಡು ತರುಬಿದ್ದ. ಹಿಂಡನ್ನು ಹೊಲದಲ್ಲೇ ತಂಗಿಸಿದರೆ ಹಿಕ್ಕೆಯೆಲ್ಲ ಅಲ್ಲೇ ಬಿದ್ದು ನೆಲ ಹದವಾಗುತ್ತದಲ್ಲ, ಹಾಗೆ. ಒಂದು ದಿನ ಸಂಗನಬಸವ ತನ್ನ ಮಣಿಕಟ್ಟಿನಿಂದಲೇ ಬಿಚ್ಚಿ ಇವನಿಗೆ ಕಟ್ಟಿದ.

"ಇದಕ್ಕ ಸೆಲ್ ಬ್ಯಾಡ, ಚಾವಿ ಬ್ಯಾಡ. ಒಳಗ ಒಂದು ತೂಕದ ತಗಡು ಐತಿ. ಕೈ ಆಡಿದಂಗ ಅದು ತಿರಗತೈತಿ, ವಾಚ್ ನಡೀತೈತಿ. ಎರಡು ದಿನ ಸುಮ್ನ ಕುಂತಿ ಅಂದ್ರ ಇದೂ ನಿಂದರತೈತಿ ನೋಡ, ಅಮೋಘಿ," ಎಂದ.

ಒಂಬತ್ತು ವರ್ಷ ಅದು ಒಮ್ಮೆಯೂ ನಿಲ್ಲಲಿಲ್ಲ. ಈ ಸಂಗತಿಯನ್ನು ಅಮೋಘಿ ಕಂಡ ಕಂಡವರಿಗೆಲ್ಲ ಹೇಳಿ ಮೆರೆದಿದ್ದ. ಮೆರೆದದ್ದೇ ಮುಂದೆ ಅವನಿಗೆ ಮುಳುವಾಯಿತು.

ಕಳೆದ ಶ್ರಾವಣದಲ್ಲಿ ಕಳ್ಳಕವಟಗಿ ದಾರಿಯ ಕಲ್ಲುಗುಡ್ಡದಲ್ಲಿ, ಮೇಲೆ ಹತ್ತಿ ಕೂತ ಒಂದು ಪೋಲಿ ಆಡನ್ನು ಇಳಿಸಲು ಹೋಗಿ ಜಾರಿ ಬಿದ್ದ. ಮೊಣಕಾಲ ಚಿಪ್ಪು ಒಡೆಯಿತು. ವಿಜಯಪುರದಲ್ಲಿ ಆಪರೇಷನ್ ಆಯಿತು, ಪಟ್ಟಿ ಬಿಚ್ಚಿದ್ದೂ ಆಯಿತು. ಅಲ್ಲಿಯವರೆಗೆ ಮಗನ ಕೈಯಲ್ಲಿದ್ದ ವಾಚು ಮತ್ತೆ ಅಮೋಘಿಯ ಕೈಗೆ ಬಂತು. ಡಾಕ್ಟರು ವಾಕರ್ ಹಿಡಿಸಿ ಹೇಳಿ ಕಳಿಸಿದರು: "ದಿನಾ ನಡೀಬೇಕು, ದಿನಾ ಕಾಲು ಮಡಚಬೇಕು. ಎರಡು ತಿಂಗಳದಾಗ ಮಾಡ್ಕೊಂಡಷ್ಟ ನಿಮ್ಮದು. ಆಮ್ಯಾಲೆ ಮೊಣಕಾಲು ಬಿಗದು ಬಿಡ್ತದ. ಆಡು ಕಾಯೂದು ಮರೀರಿ."

ಹಿಂಡನ್ನು ಹೆಂಡತಿ ಭೀಮಾಬಾಯಿ ವಹಿಸಿಕೊಂಡಳು. ಮಗ ಯಲ್ಲಾಲಿಂಗ, ಸೊಸೆ ಲಕ್ಷ್ಮಿ ಇಬ್ಬರೂ ಹಗಲೆಲ್ಲ ದ್ರಾಕ್ಷಿ ತೋಟದಲ್ಲಿ. ಮನೆಯಲ್ಲಿ ಉಳಿಯುವವರೆಂದರೆ ಅಮೋಘಿ ಮತ್ತು ದೊಡ್ಡಿಯಲ್ಲಿ ಬಿಟ್ಟು ಹೋದ ಎಳೆ ಮರಿಗಳು. ಸಂಜೆ ಭೀಮಾಬಾಯಿ ಬಂದವಳೇ ಕಾಲು ತೊಳೆದು, ಗಂಡನ ಕೈ ಹಿಡಿದು ವಾಚನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದಳು. ಮುಳ್ಳು ನೋಡಿ ಹೊತ್ತು ಹೇಳಲು ಅವಳಿಗೆ ಬಾರದು. ಟಿಕ್ ಟಿಕ್ ಕೇಳಿಸಿದರೆ ಗಂಡ ನಡೆದಿದ್ದಾನೆ, ಕೇಳಿಸದಿದ್ದರೆ ಹೊರಸಿನ ಮೇಲೆ ಬಿದ್ದುಕೊಂಡಿದ್ದಾನೆ. ಇಷ್ಟೇ ಅವಳ ಲೆಕ್ಕ.

ಮೂರನೆಯ ದಿನವೇ ವಾಚು ನಿಂತಿತು.

"ಇವತ್ತ ನಡದ್ರೇನ್ರಿ?"

"ನಡದೀನಿ."

"ಹಂಗಾರ ಇದಕ್ಯಾಕ ಜೀವ ಇಲ್ರಿ?"

ಅಮೋಘಿ ನಡೆದಿರಲಿಲ್ಲ. ವಾಕರ್ ಗೋಡೆಗೆ ಆನಿಸಿದ ಜಾಗದಲ್ಲೇ ಇತ್ತು. ಇವನು ಸೋಮಾರಿಯೇ? ಅಲ್ಲವೇ ಅಲ್ಲ. ಏಳಬೇಕೆಂದಾಗಲೆಲ್ಲ ಎದೆ ಡವಡವ ಹೊಡೆದುಕೊಂಡು, ಅಂಗೈ ಬೆವರುತ್ತಿತ್ತು. ಅದನ್ನು ಯಾರೆದುರು ಹೇಳುವುದು? ಹೇಳಲು ನಾಚಿಕೆಯಾಗಿ ವಾಚನ್ನೇ ನಡೆಸಲು ನಿಂತ. ಮೊದಲು ಹೊರಸಿನ ಮೇಲೆ ಕೂತು ಅರ್ಧ ಗಂಟೆ ಕೈ ಕುಲುಕಿದ. ಅಂದು ಬೇಗ ಮನೆಗೆ ಬಂದ ಲಕ್ಷ್ಮಿ ಅದನ್ನು ಕಂಡು ಗಾಬರಿಯಾದಳು. "ಮಾವಾರ, ಕೈ ನಡುಗಾಕತ್ತಾವೇನ್ರಿ? ಡಾಕ್ಟರಿಗೆ ಹೇಳೂಣೇನ್ರಿ?" ಎಂದಳು. ಆ ದಾರಿ ಅಲ್ಲಿಗೆ ಮುಚ್ಚಿತು.

ಮರುದಿನ ಕಣ್ಣಿಗೆ ಬಿದ್ದದ್ದು ದೊಡ್ಡಿಯ ಕರಿ ಮರಿ. ತಿಂಗಳ ಮರಿ, ಹುಟ್ಟಿದಾಗಿನಿಂದ ನೆಲಕ್ಕೆ ಕಾಲು ಹಚ್ಚಿ ನಿಂತದ್ದೇ ಕಡಿಮೆ. ಅಮೋಘಿ ಅದನ್ನು ಹೊರಸಿನ ಹತ್ತಿರಕ್ಕೆ ಕರೆದು, ವಾಚಿನ ಪಟ್ಟಿಗೆ ದಾರ ಪೋಣಿಸಿ ಕೊರಳಿಗೆ ಕಟ್ಟಿದ. ಮರಿ ಜಿಗಿಯಿತು, ಕುಣಿಯಿತು, ತಾಯಿ ಮೇಯಲು ಹೋದ ಸಿಟ್ಟನ್ನೆಲ್ಲ ಗೋಡೆಗೆ ಗುದ್ದಿ ತೀರಿಸಿತು. ಸಂಜೆ ಆಡಿನ ಕೊರಳ ಗಂಟೆ ಕೇಳಿಸಿದೊಡನೆ ಅಮೋಘಿ ಮರಿಯನ್ನು ಮತ್ತೆ ಹತ್ತಿರ ಕರೆದು ವಾಚು ಬಿಚ್ಚಿ, ಒರೆಸಿ, ಕೈಗೆ ಏರಿಸಿದ. ಭೀಮಾಬಾಯಿ ಕಿವಿಗೆ ಹಿಡಿದಳು. ಮುಖ ಅರಳಿತು. ಅಂದು ಅವನ ತಟ್ಟೆಗೆ ಎರಡು ಚಮಚ ತುಪ್ಪ ಹೆಚ್ಚು ಬಿತ್ತು. ಅದನ್ನು ಅಮೋಘಿ ತಲೆ ತಗ್ಗಿಸಿ ಉಂಡ.

ಹೀಗೆ ಐದು ವಾರ ಮರಿ ನಡೆಯಿತು, ವಾಚು ನಡೆಯಿತು. ಆರನೆಯ ವಾರ ಮರಿ ನೀರಿನ ಬಾನಿಗೆ ಕತ್ತಿನತನಕ ಮುಳುಗಿ ಎದ್ದು ಬಂತು. ಗಾಜಿನೊಳಗೆ ಹಬೆ ಕಟ್ಟಿ ಮುಳ್ಳು ನಿಂತುಬಿಟ್ಟವು. ಜಳಕ ಮಾಡುವಾಗ ನೀರು ಹೊಕ್ಕಿತೆಂದು ಅಮೋಘಿ ಮನೆಯಲ್ಲಿ ಸುಳ್ಳು ಹೇಳಿದ. ಹೇಗೂ ಡಾಕ್ಟರ ಹತ್ತಿರ ಹೋಗುವ ದಿನ ಬಂದಿತ್ತು. ಯಲ್ಲಾಲಿಂಗ ಪರಿಚಯದವರ ಕಾರಿನಲ್ಲಿ ಅಪ್ಪನನ್ನು ಕೂಡಿಸಿಕೊಂಡು, ಟಿಕೋಟಾ ದಾಟಿ ವಿಜಯಪುರಕ್ಕೆ ಹೋದ.

ಡಾಕ್ಟರು ಕಾಲು ಮಡಚಿ ನೋಡಿ ಹುಬ್ಬು ಗಂಟಿಕ್ಕಿದರು. "ನಡದಿಲ್ಲ ನೀವು."

ಯಲ್ಲಾಲಿಂಗನಿಗೆ ಸಿಟ್ಟು ಬಂತು. "ನಡದಾನ್ರಿ ಸಾಹೇಬ್ರ! ಅಪ್ಪನ ವಾಚ್ ಐದು ವಾರ ನಿಂತಿಲ್ಲ. ನಮ್ಮವ್ವ ದಿನಾ ಕಿವೀಲೆ ಕೇಳ್ಯಾಳ!"

ಡಾಕ್ಟರಿಗೆ ಈ ವಾದದ ತಲೆಬುಡ ತಿಳಿಯಲಿಲ್ಲ. ಅಮೋಘಿ ನೆಲದ ಫರಸಿ ಎಣಿಸುತ್ತ ಕೂತ. ಇನ್ನು ಮೂರು ವಾರದಲ್ಲಿ ಆದಷ್ಟೇ, ಹೋದ ದಿನ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು.

ಯಲ್ಲಾಲಿಂಗ ಅಪ್ಪನನ್ನು ಗುರುಪಾದಯ್ಯನ ವಾಚಿನ ಅಂಗಡಿಯಲ್ಲಿ ಕೂಡಿಸಿ ಔಷಧಿ ತರಲು ಹೋದ. ಗುರುಪಾದಯ್ಯ ಬಬಲೇಶ್ವರದವನು. ದಿನವೂ ಬಸ್ಸಿಗೆ ಬಂದು, ಕಣ್ಣಿಗೆ ಭೂತಗಾಜು ಸಿಕ್ಕಿಸಿ ಕೂತರೆ ಸಂಜೆಯವರೆಗೆ ಏಳುವ ಆಸಾಮಿ ಅಲ್ಲ. ಅವನು ವಾಚಿನ ಬೆನ್ನು ತೆರೆಯುತ್ತಿರುವಾಗ ಅಮೋಘಿಯ ಕಣ್ಣು ಮೇಲಿನ ಹಲಗೆಗೆ ಹೋಯಿತು. ಗಾಜಿನ ಮುಚ್ಚಳದ ಕರಿ ಪೆಟ್ಟಿಗೆಯೊಂದರಲ್ಲಿ ದೊಡ್ಡದೊಂದು ವಾಚು ತನ್ನಷ್ಟಕ್ಕೆ ತಿರುಗುತ್ತಿತ್ತು.

"ಅದೇನ್ರಿ ಅಯ್ನಾರ?"

"ವೈಂಡರ್. ಒಣದ್ರಾಕ್ಷಿ ವ್ಯಾಪಾರಿ ಒಬ್ಬರದು. ಕೈಯಾಗ ಇಲ್ಲದಾಗ ಆಟೋಮ್ಯಾಟಿಕ್ ವಾಚ್ ನಿಂದರಬಾರದು ಅಂತ ಇದು ತಿರುಗಸ್ತದ."

ಅಮೋಘಿ ಮೈಯೆಲ್ಲ ಕಣ್ಣಾಗಿ ನೋಡಿದ. ಹೊರಸಿನ ಕೆಳಗೆ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ? ಮರಿ ಬೇಡ, ಬಾನಿ ಬೇಡ. "ನನಗೂ ಒಂದು ಕೊಡ್ರಿ," ಎಂದ.

"ನಿಮಗ್ಯಾಕ್ರಿ? ನಾಲ್ಕೈದು ವಾಚ್ ಇದ್ದವರು ಒಂದು ಕಟ್ಕೊಂಡ್ರ ಉಳಿದವು ನಿಂದರತಾವು. ದಿನಾ ತಾರೀಖು, ಟೈಮು ತಿರುವೂದು ಅವರಿಗೆ ಬ್ಯಾಸರ. ಅಂಥವರು ಇಟ್ಕೊಳ್ಳಲಿ, ತಪ್ಪಿಲ್ಲ. ಒಂದ ವಾಚ್ ಇದ್ದವರಿಗೆ ಬ್ಯಾಡ. ನಿಂತ್ರ ಅದೇನೂ ಕೆಡಂಗಿಲ್ಲ, ಮತ್ತ ಕಟ್ಕೊಂಡು ನಾಕು ಹೆಜ್ಜಿ ಹಾಕಿದ್ರ ತಾನ ಹೊಂಡತದ. ಸುಮ್ನ ಹಗಲೂ ರಾತ್ರಿ ತಿರುಗಿಸಿದ್ರ ಒಳಗಿನ ಹಲ್ಲು ಸವದಾವು, ಅಷ್ಟ."

ಇಷ್ಟು ಹೇಳುವ ಹೊತ್ತಿಗೆ ಗುರುಪಾದಯ್ಯ ಚಿಮಟಿಗೆಯಿಂದ ಏನನ್ನೋ ಎತ್ತಿ ಬೆಳಕಿಗೆ ಹಿಡಿದ. ಪಟ್ಟಿಯ ಸಂದಿನಲ್ಲಿ ಸಿಕ್ಕಿದ ಕರಿ ಕೂದಲು. "ಇದು ಮನಷ್ಯಾರದಲ್ಲ ಬಿಡ್ರಿ," ಎಂದು ನಕ್ಕ.

ಅಮೋಘಿ ನಗಲಿಲ್ಲ. ಗುರುತು ಪರಿಚಯವಿಲ್ಲದ ಆ ಮನುಷ್ಯನ ಎದುರು ಎಲ್ಲವನ್ನೂ ಕಕ್ಕಿಬಿಟ್ಟ. "ಬಿದ್ದ ದಿನ ಮೂರು ತಾಸು ಕಲ್ಲಿನ ಮಗ್ಗಲಾಗ ಬಿದ್ದಿದ್ನಿರಿ ಅಯ್ನಾರ. ಒದರಿ ಒದರಿ ದನಿ ಹೋತು. ಆಡು ಸುತ್ತ ನಿಂತು ನೋಡತಿದ್ವು, ಒಬ್ಬ ಮನಷ್ಯಾ ಬರಲಿಲ್ಲ. ಇಲ್ಲೇ ಸಾಯ್ತೀನಿ ಅನಿಸಿತ್ರಿ. ಈಗ ಎದ್ದು ನಿಂತ್ರ ಅದ ನೆನಪಾಗತೈತಿ. ಐವತ್ತು ವರ್ಷ ಗುಡ್ಡ ತಿರಗಿದಾವ, ಅಂಗಳ ದಾಟಾಕ ಹೆದರತೀನಿ ಅಂತ ಹೆಂಡತಿಗೆ ಹೆಂಗ ಹೇಳ್ಲಿ?"

ಗುರುಪಾದಯ್ಯ ಭೂತಗಾಜು ತೆಗೆದಿಟ್ಟ. ಬುದ್ಧಿ ಹೇಳುವ ಗೋಜಿಗೆ ಹೋಗಲಿಲ್ಲ. "ವಾಚ್ ಎಂಟು ದಿನ ಇಲ್ಲೇ ಇರಲಿ. ಪೆಟ್ಟಿಗಿ ಬೇಕ ಬೇಕು ಅಂದ್ರ ಒಯ್ಯಾಕ ಬಂದಾಗ ಮತ್ತೊಮ್ಮೆ ಕೇಳ್ರಿ, ತರಿಸಿ ಕೊಡ್ತೀನಿ," ಎಂದಷ್ಟೇ ಹೇಳಿ ಚಹಾ ತರಿಸಿದ.

ಸಂಜೆ ಭೀಮಾಬಾಯಿ ರೂಢಿಯಂತೆ ಗಂಡನ ಕೈ ಹಿಡಿದಳು. ಮಣಿಕಟ್ಟು ಬರಿದಾಗಿತ್ತು. "ಹೌದಲ್ಲ, ರಿಪೇರಿಗೆ ಕೊಟ್ಟೀರಿ," ಎಂದು ಕೈ ಬಿಟ್ಟು, ಬಾಯಲ್ಲೇ ಕೇಳಿದಳು, "ಡಾಕ್ಟರು ಏನಂದ್ರು? ಚಲೋ ನಡದಾರಂತ ಹೊಗಳಿರಬೇಕಲ್ರಿ?"

"ನಾ ಒಂದ ದಿನಾನೂ ನಡದಿಲ್ಲ," ಎಂದ ಅಮೋಘಿ. ಮರಿಯ ವಿಷಯ, ಹೆದರಿಕೆಯ ವಿಷಯ, ಕರಿ ಪೆಟ್ಟಿಗೆಯ ಆಸೆ, ಒಂದನ್ನೂ ಬಿಡದೆ ಹೇಳಿದ.

ಭೀಮಾಬಾಯಿ ಬೈಯುತ್ತಾಳೆಂದು ಅವನು ಮೈ ಹಿಡಿ ಮಾಡಿ ಕೂತಿದ್ದ. ಅವಳು ಬೈಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಅತ್ತಳು. "ದಿನಾ ಅದರ ಸಪ್ಪಳ ಕೇಳಿ, ಒಳಗ ಹೋಗಿ ದೇವರಿಗೆ ಕೈ ಮುಗೀತಿದ್ನಲ್ರಿ ನಾ," ಎಂದಳು. ಆ ಮಾತು ಅಮೋಘಿಗೆ ಕಲ್ಲಿನ ಮೇಲೆ ಬಿದ್ದದ್ದಕ್ಕಿಂತ ಜೋರಾಗಿ ತಾಗಿತು.

ಮರುದಿನ ಅವಳು ಎದ್ದವಳೇ ಆಡು ಬಿಡಲು ಹೋಗಲಿಲ್ಲ. ಮೊದಲು ಗಂಡನನ್ನು ಎಬ್ಬಿಸಿ, ವಾಕರ್ ಕೈಗೆ ಕೊಟ್ಟು, ಹಿಂದಿನಿಂದ ಅವನ ಅಂಗಿ ಬಿಗಿಯಾಗಿ ಹಿಡಿದಳು. "ಬಿದ್ರ ಇಬ್ಬರೂ ಬೀಳೂಣು, ನಡೀರಿ," ಎಂದಳು. ಅಂಗಳ ದಾಟುವಷ್ಟರಲ್ಲಿ ಅಮೋಘಿಯ ಅಂಗಿ ಬೆವರಿ ತೊಯ್ದಿತ್ತು. ಮರುದಿನ ಓಣಿಯ ಅರ್ಧ. ಎಂಟನೆಯ ದಿನ ಭಾಗಪ್ಪನ ಕಿರಾಣಿ ಅಂಗಡಿಯವರೆಗೆ. ವಾಚು ತರಲು ಹೋದಾಗ ಗುರುಪಾದಯ್ಯ ಪೆಟ್ಟಿಗೆಯ ಮಾತೆತ್ತಲಿಲ್ಲ, ಅಮೋಘಿಯೂ ಎತ್ತಲಿಲ್ಲ.

ಆದರೆ ಐದು ವಾರ ಐದು ವಾರವೇ. ಮೊಣಕಾಲು ಅರ್ಧಕ್ಕಿಂತ ತುಸು ಹೆಚ್ಚು ಮಡಚುವಷ್ಟಕ್ಕೆ ನಿಂತಿತು. ಇದಕ್ಕಿಂತ ಮುಂದೆ ಇಲ್ಲ ಎಂದರು ಡಾಕ್ಟರು. ಗುಡ್ಡ ಹತ್ತುವ ಹಾಗಿಲ್ಲ. ಸಪಾಟು ನೆಲದಲ್ಲಿ ಕೋಲು ಊರಿಕೊಂಡು ಎಷ್ಟು ಬೇಕಾದರೂ ನಡೆಯಬಹುದು.

ಸಂಕ್ರಾಂತಿ ಕಳೆದ ಮೇಲೆ ಅಮೋಘಿ ಮೊದಲ ಸಲ ಹೆಂಡತಿಯ ಜತೆ ಹಿಂಡಿನ ಹಿಂದೆ ಹೊರಟ. ಜೋಳದ ಹೊಲಗಳ ಬದುವಿನ ಮೇಲೆ ನಿಧಾನವಾಗಿ ಹೋದರು. ಮಧ್ಯಾಹ್ನ ಬನ್ನಿ ಗಿಡದ ನೆರಳಲ್ಲಿ ಭೀಮಾಬಾಯಿ ಕೂತು ಬುತ್ತಿ ಬಿಚ್ಚಿದಳು. ಅಮೋಘಿ ನೆಲದ ಮೇಲೆ ಕೂಡಲು ಬಗ್ಗಿದ, ಕಾಲು ಅಷ್ಟು ಮಡಚಲಿಲ್ಲ. ಇನ್ನೊಮ್ಮೆ ನೋಡಿದ, ಆಗಲಿಲ್ಲ. ಕೋಲು ಹಿಡಿದು ಹಾಗೇ ನಿಂತ. ಕಣ್ಣು ತುಂಬಿ ಬಂದು ಮುಖ ಅತ್ತ ತಿರುಗಿಸಿದ.

ಭೀಮಾಬಾಯಿ ಒಂದು ಗಳಿಗೆ ಅವನನ್ನೇ ನೋಡಿದಳು. ಬುತ್ತಿ ಎತ್ತಿಕೊಂಡು ಎದ್ದಳು. ಅರ್ಧ ರೊಟ್ಟಿಯ ಮೇಲೆ ಪುಂಡಿಪಲ್ಯ ಹಚ್ಚಿ ಅವನ ಕೈಗೆ ಕೊಟ್ಟು, ಉಳಿದರ್ಧ ತಾನು ಹಿಡಿದು, ಪಕ್ಕದಲ್ಲಿ ನಿಂತುಕೊಂಡೇ ಉಂಡಳು.